ಗಂಧವೂ ಗಂಧಧಾರಿಯೂ: ಕಲ್ಯಾಣ-ಬೀದರ ಪ್ರಾಂತದ ಪರಿಮಳಚರಿತ್ರೆಯಲ್ಲಿ ಒಂದು ವಿಚಾರ

ಬೀದರ ಜಿಲ್ಲೆಯ ಜನರ ಹಣೆಯನ್ನೂ ಕಿವಿಯನ್ನೂ ಲಕ್ಷ್ಯವಿಟ್ಟು ನೋಡಿದವರಿಗೆ ಆ ಪ್ರಾಂತದ ಇತಿಹಾಸದ ಬಹುಭಾಗವು ಅಲ್ಲಿಯೇ ಬರೆದಿರುವಂತೆ ಕಾಣುವುದು. ಭಾಲ್ಕಿಯ ಹಿರೇಮಠಕ್ಕೆ ನಡೆದುಕೊಳ್ಳುವ ಶರಣಭಕ್ತರ ಹಣೆಯಲ್ಲಿ ವಿಭೂತಿ. ಔರಾದದ ಅಮರೇಶ್ವರನ ಗುಡಿಯಿಂದ ಹೊರಬರುವವರಲ್ಲಿ ವಿಭೂತಿಯೊಡನೆ ಗಂಧ. ಮರಾಠೀ ಸೀಮೆಗೆ ಹೊಂದಿಕೊಂಡಿರುವ ಊರುಗಳಿಂದ ಪಂಢರಾಪುರಕ್ಕೆ ಹೋಗುವ ವಾರಕರಿಗಳಲ್ಲಿ ಗೋಪೀಚಂದನ ಮತ್ತು ಕರಿಯ ಬುಕ್ಕ. ಬೀದರ ಪಟ್ಟಣದಲ್ಲಿ ಹಬ್ಬದ ದಿನ ಮಸೀದಿಗೆ ನಡೆಯುವವರ ಕಿವಿಯ ಮಡಿಕೆಯಲ್ಲಿ ಅತ್ತರಿನಲ್ಲಿ ಅದ್ದಿದ ಹತ್ತಿಯ ಎಳೆ. ಭಸ್ಮವನ್ನೂ ಗೋಪೀಚಂದನವನ್ನೂ ಉಳಿದು ಮಿಕ್ಕವೆಲ್ಲವೂ ಪರಿಮಳದ್ರವ್ಯಗಳೇ. ಇವುಗಳಿಂದ ಧರಿಸಿದವನ ಮತವು ತಿಳಿಯುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನ ಸ್ವಭಾವವೂ ತಿಳಿಯುವುದೇ? ಮನುಷ್ಯನು ಪೂಸಿಕೊಂಡ ಗಂಧಕ್ಕೂ ಅವನ ಅಂತರಂಗಕ್ಕೂ ಸಂಬಂಧವುಂಟೆಂದು ಲೋಕದಲ್ಲಿ ಒಂದು ನಂಬಿಕೆಯಿರುವುದು. ಈ ನಂಬಿಕೆಯನ್ನು ಕುರಿತು ಕಲ್ಯಾಣ ಮತ್ತು ಬೀದರ ಎಂಬ ಎರಡು ರಾಜಧಾನಿಗಳ ಪ್ರಾಂತದಲ್ಲಿ ಮುನ್ನೂರು ವರ್ಷಗಳ ಅವಧಿಯಲ್ಲಿ ಕನಿಷ್ಠಪಕ್ಷ ಮೂರು ಬಗೆಯ ಉತ್ತರಗಳು ಹುಟ್ಟಿದವು. ಅವು ಒಂದಕ್ಕೊಂದು ಒಪ್ಪುವಂಥವಲ್ಲ. ಅವನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ಸಂಸ್ಕೃತದಲ್ಲಿ ವಾಸನೆಯೆಂಬ ಪದಕ್ಕೆ ಎರಡರ್ಥಗಳುಂಟು. ಪುಷ್ಪಾದಿಗಳ ಸಂಪರ್ಕದಿಂದ ಎಳ್ಳಿಗಾಗಲಿ ವಸ್ತ್ರಕ್ಕಾಗಲಿ ಅಂಟಿ, ಪುಷ್ಪವನ್ನು ತೆಗೆದ ಮೇಲೂ ಉಳಿಯುವ ಗಂಧವು ಒಂದು. ಮಾಡಿದ ಕರ್ಮ, ಪಟ್ಟ ಅನುಭವ ಇವು ಕಳೆದ ಮೇಲೂ ಚಿತ್ತದಲ್ಲಿ ನಿಲ್ಲುವ ಸಂಸ್ಕಾರವು ಇನ್ನೊಂದು. ವಿದ್ಯಾರಣ್ಯರ ಜೀವನ್ಮುಕ್ತಿವಿವೇಕದಲ್ಲಿ ವಾಸನಾಕ್ಷಯಕ್ಕಾಗಿ ಒಂದು ಪ್ರಕರಣವೇ ಮೀಸಲಾಗಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ದೇಶ್ಯಶಬ್ದಗಳಲ್ಲಿಯೂ ಇದೇ ಬಗೆಯ ಸಂಚಾರವು ಕಾಣುವುದು. ನಱು ಎಂಬುದು ಸುಗಂಧ. ಅದಕ್ಕೆ ನಂಟಾದ ನಾಱು ಎಂಬುದು ದುರ್ಗಂಧದ ಕಡೆಗೆ ಜಾರಿತು. ಸೊಗಡು ಎಂಬುದು ಕಟುವಾದ ವಾಸನೆ. ಅದೇ ಈಗ ಒಂದು ನೆಲದ ಅಥವಾ ನುಡಿಯ ನಿಜಗುಣವೆಂಬರ್ಥದಲ್ಲಿ ಬಳಕೆಯಾಗುತ್ತಿದೆ. ಮನುಷ್ಯನ ಗುಣವನ್ನು ಹೇಳಬೇಕಾದಾಗ ಭಾಷೆಯು ಮೂಗಿನ ಕಡೆಗೆ ತಿರುಗುವುದು ಹೊಸದಲ್ಲ.

ಗಂಧಶಾಸ್ತ್ರದ ಪರಿಭಾಷೆಯನ್ನು ನೋಡಿದರೆ ಈ ಸಾಮ್ಯವು ಇನ್ನೂ ದೂರ ಹೋಗುವುದು. ಗಂಗಾಧರನೆಂಬವನು ರಚಿಸಿದ ಗಂಧಸಾರವೆಂಬ ಗ್ರಂಥವನ್ನೂ, ಮರಾಠೀ ಟೀಕೆಯಿಂದ ಕೂಡಿದ ಗಂಧವಾದವೆಂಬ ಮತ್ತೊಂದು ಗ್ರಂಥವನ್ನೂ ಪುಣೆಯ ಭಾಂಡಾರಕರ ಸಂಶೋಧನ ಮಂದಿರದ ಪರಶುರಾಮ ಕೃಷ್ಣ ಗೋಡೆಯವರು 1940ರ ದಶಕದಲ್ಲಿ ಬೆಳಕಿಗೆ ತಂದರು. ಗಂಧಸಾರದಲ್ಲಿ ಪರಿಮಳವನ್ನು ಸಿದ್ಧಪಡಿಸುವ ಆರು ಕರ್ಮಗಳು ಹೇಳಲ್ಪಟ್ಟಿವೆ: ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನ. ಚೂರ್ಣಕ್ಕೆ ಗಂಧೋದಕವನ್ನು ಹೀರಿಸುವುದು ಭಾವನ. ಹದವಾದ ಬೆಂಕಿಯಲ್ಲಿ ಬೇಯಿಸುವುದು ಪಾಚನ. ಅಡಗಿರುವ ಗಂಧವನ್ನು ಎಚ್ಚರಿಸುವುದು ಬೋಧ. ಕಸ್ತೂರಿ ಕರ್ಪೂರಗಳಂಥ ತೀಕ್ಷ್ಣದ್ರವ್ಯವನ್ನು ಸೇರಿಸಿ ಭೇದಿಸುವುದು ವೇಧ. ಹೊಗೆಯನ್ನು ಹಿಡಿಸುವುದು ಧೂಪನ. ಹೂವಿನೊಡನೆ ಇಟ್ಟು ಕಂಪನ್ನು ಹತ್ತಿಸುವುದು ವಾಸನ. ಇವುಗಳಲ್ಲಿ ಭಾವನೆ, ಬೋಧ, ವಾಸನೆಗಳು ಮನಶ್ಶಾಸ್ತ್ರದ ಶಬ್ದಗಳೂ ಹೌದು. ವೇಧವೆಂಬುದು ವೀರಶೈವರ ದೀಕ್ಷಾತ್ರಯದಲ್ಲಿ ಮೊದಲನೆಯದರ ಹೆಸರು. ಶಬ್ದವೊಂದೇ ಆದಮಾತ್ರದಿಂದ ಶಾಸ್ತ್ರಗಳಿಗೆ ಜನ್ಯಜನಕಭಾವವನ್ನು ಕಲ್ಪಿಸುವುದು ಸಾಹಸ. ಅಂಥ ಕಲ್ಪನೆಗೆ ಇಲ್ಲಿ ಎಡೆಗೊಡಬೇಕಾಗಿಲ್ಲ. ಗಂಧಿಗನೂ ಗುರುವೂ ತಂತಮ್ಮ ಕೆಲಸವನ್ನು ಹೇಳಿಕೊಳ್ಳಲು ಒಂದೇ ಮಾತಿನ ಗಂಟನ್ನು ಬಿಚ್ಚಿದರೆಂಬಷ್ಟು ಮಾತ್ರವೇ ಇದರಿಂದ ಸಿದ್ಧಿಸುವುದು.

ಈಗ ಕಲ್ಯಾಣಕ್ಕೆ ಬರಬಹುದು. ಇಂದಿನ ಬಸವಕಲ್ಯಾಣವೇ ಹಿಂದೆ ಚಾಳುಕ್ಯರ ರಾಜಧಾನಿಯಾಗಿದ್ದುದು. ಈ ವಂಶದ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿ, ಕ್ರಿ. ಶ. 1025ರ ಸುಮಾರಿನಲ್ಲಿ, ಚಾವುಂಡರಾಯನೆಂಬ ಕವಿಯು ಲೋಕೋಪಕಾರವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಜಲಶೋಧನ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ವಿಷವೈದ್ಯ ಮುಂತಾದುವುಗಳ ನಡುವೆ ಗಂಧಯುಕ್ತಿಗೂ ಅಲ್ಲಿ ಸ್ಥಳವಿರುವುದು. ಗ್ರಂಥದ ಹೆಸರೇ ಸೂಚಿಸುವಂತೆ ಅದು ಲೋಕಕ್ಕಾಗಿ ಬರೆದುದು, ಅರಮನೆಯೊಂದಕ್ಕಾಗಿ ಅಲ್ಲ. ಸಂಸ್ಕೃತವನ್ನರಿಯದ ಗೃಹಸ್ಥನೂ ಗಂಧವನ್ನು ಕೂಡಿಸಬಲ್ಲನೆಂಬ ಭರವಸೆಯು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಿಗರಿಗಿದ್ದಿತೆಂಬುದು ಗಮನಾರ್ಹವಾದ ಸಂಗತಿ.

ಅರಮನೆಯ ಗ್ರಂಥವೆಂದರೆ ಮಾನಸೋಲ್ಲಾಸ. ಅಭಿಲಷಿತಾರ್ಥಚಿಂತಾಮಣಿಯೆಂಬ ನಾಮಾಂತರವುಳ್ಳ ಇದನ್ನು ಆರನೆಯ ವಿಕ್ರಮಾದಿತ್ಯನ ಮಗನೂ ಭೂಲೋಕಮಲ್ಲ, ಸರ್ವಜ್ಞ ಎಂಬ ಬಿರುದುಗಳುಳ್ಳವನೂ ಆದ ಮೂರನೆಯ ಸೋಮೇಶ್ವರನು ರಚಿಸಿದನು. ಗ್ರಂಥದೊಳಗಣ ಗಣಿತಭಾಗದಲ್ಲಿ ಶಕವರ್ಷ 1051, ಅಂದರೆ ಕ್ರಿ. ಶ. 1129, ಉಕ್ತವಾಗಿರುವುದರಿಂದ ಕಾಲದ ವಿಷಯದಲ್ಲಿ ವಿವಾದಕ್ಕೆ ಅವಕಾಶವಿಲ್ಲ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಮೂರನೆಯ ವಿಂಶತಿಯಲ್ಲಿ ರಾಜನ ಇಪ್ಪತ್ತು ಉಪಭೋಗಗಳ ವಿವರಣೆಯಿದೆ. ಆ ಇಪ್ಪತ್ತರಲ್ಲಿ ವಿಲೇಪನ, ಮಾಲ್ಯ, ಧೂಪಗಳು ನೇರವಾಗಿ ಗಂಧಕ್ಕೆ ಸೇರಿದುವು. ಸ್ನಾನದ ತೈಲ, ತಾಂಬೂಲದ ಕರ್ಪೂರ, ಕುಡಿಯುವ ನೀರಿನ ವಾಸನ ಇವುಗಳನ್ನೂ ಎಣಿಸಿದರೆ ಚಾಳುಕ್ಯಚಕ್ರವರ್ತಿಯ ದಿನಚರಿಯು ಏಳುವುದರಿಂದ ಮಲಗುವವರೆಗೆ ಪರಿಮಳದಲ್ಲಿಯೇ ಸಾಗುತ್ತಿದ್ದಿತೆನ್ನಬೇಕು. ಧೂಪವನ್ನು ಪುಡಿಯಾಗಿಯೂ ಉಂಡೆಯಾಗಿಯೂ ಬತ್ತಿಯಾಗಿಯೂ ಮಾಡುವ ಕ್ರಮಗಳನ್ನು ಸಹ ರಾಜನು ಬಿಟ್ಟಿಲ್ಲ.

ಇಷ್ಟು ವಿಸ್ತಾರವಾಗಿ ಗಂಧವನ್ನು ಕುರಿತು ಬರೆದ ಅರಸನು ಗಂಧವನ್ನು ಆರಿಸುವುದಕ್ಕೆ ಯಾವುದನ್ನು ಪ್ರಮಾಣವಾಗಿಟ್ಟುಕೊಂಡನು? ಧರಿಸುವವನ ಸ್ವಭಾವವನ್ನಲ್ಲ, ಋತುವನ್ನು. ವಿಲೇಪನಗಳು ಕಾಲಕ್ಕೆ ತಕ್ಕಂತೆ ಬೇರೆಬೇರೆ. ಇದು ಆಯುರ್ವೇದದ ಋತುಚರ್ಯೆಗೆ ಅನುಗುಣವಾದ ಮಾರ್ಗ. ಹೇಮಂತದಲ್ಲಿ ಕುಂಕುಮಕೇಸರಿ, ಕಸ್ತೂರಿ, ಅಗುರುಧೂಪ, ಗ್ರೀಷ್ಮದಲ್ಲಿ ಚಂದನ, ವರ್ಷಾಕಾಲದಲ್ಲಿ ಧೂಪಹಿಡಿಸಿದ ವಸ್ತ್ರ, ಎಂದು ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ವಿಹಿತವಾಗಿರುವುದು. ಬೀದರದ ಕೆಮ್ಮಣ್ಣಿನ ಪ್ರಸ್ಥಭೂಮಿಯ ಬೇಸಗೆಯನ್ನು ಬಲ್ಲವರಿಗೆ ಚಂದನದ ಲೇಪವು ವಿಲಾಸಕ್ಕಿಂತ ಚಿಕಿತ್ಸೆಗೆ ಹತ್ತಿರವೆಂದು ಬೇರೆ ಹೇಳಬೇಕಾಗಿಲ್ಲ. ಶೂರನಿಗೆ ಒಂದು ಗಂಧ, ಕೋಪಿಷ್ಠನಿಗೆ ಇನ್ನೊಂದು ಎಂಬ ವಿಭಾಗವು ಈ ಕ್ರಮದಲ್ಲಿಲ್ಲ. ಗಂಧವು ಹೇಳುವುದು ಎರಡನ್ನೇ: ಈಗ ಯಾವ ಕಾಲ, ಇವನ ಬೊಕ್ಕಸ ಎಷ್ಟು ದೊಡ್ಡದು.

ಎರಡನೆಯದನ್ನು ಲಘುವಾಗೆಣಿಸಲಾಗದು. ಕೇಸರಿಯು ಕಾಶ್ಮೀರದಿಂದ, ಕಸ್ತೂರಿಯು ಹಿಮಾಲಯದಾಚೆಯಿಂದ, ಕರ್ಪೂರವು ಸುಮಾತ್ರಾದ್ವೀಪದಿಂದ, ಅಗುರುವು ಅಸ್ಸಾಮ ಮತ್ತು ಅದರ ಪೂರ್ವದ ಕಾಡುಗಳಿಂದ, ಚಂದನವು ದಕ್ಷಿಣದ ಬೆಟ್ಟಗಳಿಂದ ಬರಬೇಕು. ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದವರನ್ನು ಹೊಗಳುವ ಶಿಕಾರಿಪುರದ ಶಾಸನವೊಂದು ಅವರು ಮಾರುತ್ತಿದ್ದ ಸರಕುಗಳಲ್ಲಿ ಚಂದನ, ಕರ್ಪೂರ, ಕಸ್ತೂರಿ, ಕುಂಕುಮಗಳನ್ನು ಹೆಸರಿಸುತ್ತದೆ. ಆ ಕಾಲದ ದಾನಶಾಸನಗಳಲ್ಲಿ ಪದೇಪದೇ ಬರುವ ಅಂಗಭೋಗವೆಂಬ ಮಾತಿನಲ್ಲಿ ದೇವರ ಗಂಧಲೇಪನವೂ ಅಡಗಿರುವುದು. ಅರಸನಿಗೆ ಭೋಗವಾದುದು ದೇವರಿಗೂ ಭೋಗ, ಎರಡಕ್ಕೂ ಭೂಮಿಯ ಹುಟ್ಟುವಳಿಯೇ ಆಧಾರ.

ಗಂಧವನ್ನು ಹಾಗೆ ಸ್ವಭಾವದಿಂದ ಬಿಡಿಸಿ ನೋಡುವುದು ಸೋಮೇಶ್ವರನಿಗಿಂತ ಹಳೆಯ ಮಾರ್ಗ. ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಯಲ್ಲಿ ಅದನ್ನು ಬರಿಯ ಗಣಿತವಾಗಿಯೇ ಮಾಡಿರುವನು: 16 ದ್ರವ್ಯಗಳಲ್ಲಿ ನಾಲ್ಕುನಾಲ್ಕನ್ನು ಆರಿಸಿದರೆ 1,820 ಕೂಟಗಳಾಗುವುವು, ಭಾಗಗಳ ವ್ಯತ್ಯಾಸವನ್ನು ಹಿಡಿದು ಅವನು ಕೊಡುವ ಒಟ್ಟು ಸಂಖ್ಯೆ 1,74,720. ಅಷ್ಟು ಬಗೆಯ ಮನುಷ್ಯರು ಉಂಟೆಂದು ಅವನು ಹೇಳಲಿಲ್ಲ.

ಸ್ವಭಾವಕ್ಕೂ ಗಂಧಕ್ಕೂ ಗಂಟುಹಾಕಿದವರು ಕಾಮಶಾಸ್ತ್ರಜ್ಞರು. ಪದ್ಮಿನಿಯ ದೇಹಕ್ಕೆ ಕಮಲದ ಕಂಪು, ಹಸ್ತಿನಿಯದಕ್ಕೆ ಗಜಮದದ ಗಂಧ ಎಂಬ ಕೊಕ್ಕೋಕನ ವಿಭಾಗವು ಹದಿನೈದನೆಯ ಶತಮಾನದಲ್ಲಿ ಕಲ್ಲರಸನ ಜನವಶ್ಯದ ಮೂಲಕ ಕನ್ನಡಕ್ಕೂ ಇಳಿಯಿತು. ಇದು ಪೂಸಿಕೊಂಡ ಗಂಧದ ಮಾತಲ್ಲ, ಹುಟ್ಟುಗಂಧದ ಮಾತು. ಅದರಲ್ಲಿಯೂ ಸ್ತ್ರೀಯರನ್ನು ಮಾತ್ರ ವರ್ಗೀಕರಿಸಿ ಬರೆದವರ ಮಾತು. ಇಂಥ ಲಕ್ಷಣಗಳನ್ನು ಪ್ರಮಾಣವೆಂದು ಹಿಡಿಯುವವರು ಚರಕಸಂಹಿತೆಯ ಇಂದ್ರಿಯಸ್ಥಾನವನ್ನೂ ಒಮ್ಮೆ ತೆರೆದು ನೋಡಬೇಕು. ಯಾವನ ದೇಹವು ಹಗಲಿರುಳೂ ತಾನಾಗಿಯೇ ನಾನಾಪುಷ್ಪಗಳ ಕಂಪನ್ನು ಬೀರುವುದೋ ಅವನನ್ನು ಪುಷ್ಪಿತನೆಂದು ಕರೆದು, ವರ್ಷದೊಳಗಾಗಿ ಅವನಿಗೆ ಮರಣವೆಂದು ಅಲ್ಲಿ ಹೇಳಿದೆ. ಕವಿಗೆ ಸೌಭಾಗ್ಯವಾಗಿ ಕಂಡದ್ದು ವೈದ್ಯನಿಗೆ ಅರಿಷ್ಟ!

ಸೋಮೇಶ್ವರನು 1138ರಲ್ಲಿ ತೀರಿಕೊಂಡನು. ಎರಡು ದಶಕಗಳು ತುಂಬುವ ಸುಮಾರಿಗೆ ಕಲ್ಯಾಣವು ಕಳಚುರಿ ಬಿಜ್ಜಳನ ಕೈಸೇರಿದ್ದಿತು. ಅವನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಶರಣಸಮುದಾಯವು ನೆರೆಯಿತು. ಅದೇ ಪಟ್ಟಣ, ಒಂದೇ ತಲೆಮಾರಿನ ಅಂತರ. ಆದರೆ ಗಂಧದ ಪ್ರಶ್ನೆಗೆ ಉತ್ತರವು ತಲೆಕೆಳಗಾಯಿತು. ಚೆನ್ನಬಸವಣ್ಣನವರ ಹೆಸರಿನೊಡನೆ ಸಂಪ್ರದಾಯವು ಸೇರಿಸುವ ಷಟ್‌ಸ್ಥಲಶಾಸ್ತ್ರದಲ್ಲಿ ಒಂದೊಂದು ಇಂದ್ರಿಯದ ವಿಷಯವನ್ನೂ ಒಂದೊಂದು ಲಿಂಗಕ್ಕೆ ಅರ್ಪಿಸುವ ಕ್ರಮವಿದೆ. ರುಚಿಯು ಗುರುಲಿಂಗಕ್ಕೆ, ರೂಪವು ಶಿವಲಿಂಗಕ್ಕೆ, ಸ್ಪರ್ಶವು ಜಂಗಮಲಿಂಗಕ್ಕೆ, ಶಬ್ದವು ಪ್ರಸಾದಲಿಂಗಕ್ಕೆ, ತೃಪ್ತಿಯು ಮಹಾಲಿಂಗಕ್ಕೆ. ಗಂಧವು ಯಾವುದಕ್ಕೆ? ಆಚಾರಲಿಂಗಕ್ಕೆ.

ಈ ಯೋಜನೆಯಲ್ಲಿ ತರ್ಕವಿದೆ. ಗಂಧವು ಪೃಥ್ವಿಯ ವಿಶೇಷಗುಣವೆಂಬುದು ನೈಯಾಯಿಕರ ಸಿದ್ಧಾಂತ. ಪೃಥ್ವಿಯ ಲಕ್ಷಣವನ್ನೇ ಅವರು ಗಂಧದಿಂದ ಹೇಳುವರು. ಪಂಚಭೂತಗಳಲ್ಲಿ ಪೃಥ್ವಿಯು ತಳದಲ್ಲಿರುವಂತೆ ಆರು ಸ್ಥಲಗಳಲ್ಲಿ ಭಕ್ತಸ್ಥಲವು ಮೊದಲ ಮೆಟ್ಟಿಲು. ಆ ಮೆಟ್ಟಿಲಿನ ಅಂಗ ಪೃಥ್ವಿ, ಇಂದ್ರಿಯ ಘ್ರಾಣ, ಪದಾರ್ಥ ಗಂಧ, ಲಿಂಗ ಆಚಾರಲಿಂಗ. ಆದುದರಿಂದ ಸಾಧಕನು ಮೊತ್ತಮೊದಲು ಒಪ್ಪಿಸಬೇಕಾದ ಸುಖವು ಮೂಗಿನ ಸುಖ; ಅದನ್ನು ಸ್ವೀಕರಿಸುವುದು ನಡತೆಯೆಂಬ ದೇವತೆ. ಸೋಮೇಶ್ವರನ ಪಟ್ಟಿಯಲ್ಲಿ ಉಪಭೋಗವಾಗಿದ್ದುದು ಇಲ್ಲಿ ಆಚಾರದ ಪ್ರಸಾದವಾಯಿತು. ಗಂಧಕ್ಕೂ ಧರಿಸಿದವನ ವ್ಯಕ್ತಿತ್ವಕ್ಕೂ ಸಂಬಂಧವು ಹೀಗೆ ಉಂಟಾಯಿತು. ಆದರೆ ಗಂಧವು ವ್ಯಕ್ತಿಯನ್ನು ತಿಳಿಸುವುದೆಂದಲ್ಲ, ವ್ಯಕ್ತಿಯ ನಡೆಯೇ ಗಂಧವನ್ನು ಯೋಗ್ಯವಾಗಿಸುವುದೆಂದು. ಷಟ್‌ಸ್ಥಲದ ಈ ಸಮಗ್ರ ಕೋಷ್ಟಕವು ಮುಂದಿನ ಶತಮಾನಗಳ ಸಂಗ್ರಹಗಳಲ್ಲಿ ಪೂರ್ಣರೂಪವನ್ನು ತಾಳಿದುದೆಂದು ವಾದಿಸಬಹುದು. ಹಾಗಾದರೂ ಹೂವಿನೊಳಗಣ ಕಂಪನ್ನು ಅಂತರಂಗದ ದೈವಕ್ಕೆ ಉಪಮಾನವಾಗಿಸುವ ಪರಿಪಾಟಿಯು ಹನ್ನೆರಡನೆಯ ಶತಮಾನದ ವಚನಗಳಲ್ಲಿಯೇ ನೆಲೆನಿಂತಿರುವುದರಿಂದ ಮೂಲಭಾವವು ಅಲ್ಲಿಯದೆಂದು ತೋರುತ್ತದೆ. ಶೀಲದ ಪರಿಮಳವೆಂಬ ಕಲ್ಪನೆಯು ಬೌದ್ಧರಲ್ಲಿಯೂ ಹಿಂದೆಯೇ ಇದ್ದಿತು. ಶರಣರ ವೈಶಿಷ್ಟ್ಯವೆಂದರೆ ಅದನ್ನು ಉಪಮೆಯಲ್ಲಿ ನಿಲ್ಲಿಸದೆ ನಿತ್ಯದ ಅರ್ಪಣಕ್ರಿಯೆಯಾಗಿ ಮಾಡಿದುದು.

ಈ ಪರಿವರ್ತನೆಗೆ ಒಬ್ಬ ಮನುಷ್ಯನ ಹೆಸರೇ ಸಾಕ್ಷಿ. ಹಡಪವೆಂದರೆ ಅಡಕೆಲೆಯ ಚೀಲ. ಕರ್ಪೂರಾದಿಗಳಿಂದ ಕೂಡಿದ ತಾಂಬೂಲವು ಮಾನಸೋಲ್ಲಾಸದ ಇಪ್ಪತ್ತು ಭೋಗಗಳಲ್ಲೊಂದು. ಒಡೆಯನ ಮಗ್ಗುಲಲ್ಲಿ ಚೀಲವನ್ನು ಹಿಡಿದು ನಿಲ್ಲುವವನು ಆ ಭೋಗದ ಉಪಕರಣದಂತೆಯೇ ಸರಿ. ಬಸವಣ್ಣನವರ ಬಳಿಯಲ್ಲಿದ್ದ ಹಡಪದ ಅಪ್ಪಣ್ಣನು ಆ ಚೀಲದ ಹೆಸರಿನಿಂದಲೇ ವಚನಕಾರನಾಗಿ ಉಳಿದನು. ಅವನ ಹೆಂಡತಿ ಲಿಂಗಮ್ಮನೂ ವಚನಗಳನ್ನು ಬರೆದಳು. ಅರಮನೆಯ ಗ್ರಂಥದಲ್ಲಿ ತಾಂಬೂಲಕ್ಕೆ ಅಧ್ಯಾಯವುಂಟು, ತಾಂಬೂಲವನ್ನು ಹಿಡಿದವನಿಗೆ ಹೆಸರಿಲ್ಲ. ಶರಣರಲ್ಲಿ ಹಿಡಿದವನಿಗೆ ಹೆಸರು ಬಂದಿತು.

ಭಾಲ್ಕಿಯ ಹಿರೇಮಠವು ಈ ಪರಂಪರೆಗೆ ಸೇರಿದುದು. ಅಲ್ಲಿಯ ಚೆನ್ನಬಸವ ಪಟ್ಟದ್ದೇವರು 1889ರಲ್ಲಿ, ಬಹುಕಾಲ ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, 1999ರವರೆಗೆ ಬಾಳಿದರು. ನಿಜಾಮನ ಆಳಿಕೆಯಲ್ಲಿ ಶಿಕ್ಷಣಕ್ಕೆ ಉರ್ದುವೇ ಮಾಧ್ಯಮವಾಗಿದ್ದಾಗ ಅವರು ಹೊರಗೆ ಉರ್ದುಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಪ್ರಾಂತದಲ್ಲಿ ಎಲ್ಲರೂ ಬಲ್ಲ ಮಾತು. ಹೊರಗಣ ಚಿಹ್ನೆಯಿಂದ ಒಳಗಣ ವಸ್ತುವನ್ನು ಊಹಿಸುವವರಿಗೆ ಇದಕ್ಕಿಂತ ಸ್ಪಷ್ಟವಾದ ಪ್ರತ್ಯುದಾಹರಣೆಯು ದೊರೆಯಲಾರದು.

ಇನ್ನು ಬೀದರ. ಬಹಮನೀ ಸುಲ್ತಾನನಾದ ಅಹಮದಶಹನು (1422-1436) ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದನು. ಅಲ್ಲಿಂದ ಮುಂದೆ ಗಂಧದ ಪರಿಭಾಷೆಯು ಅರಬ್ಬೀ ಫಾರಸೀ ಪದಗಳಿಂದ ತುಂಬಿತು. ಯೂನಾನೀ ವೈದ್ಯರ ಮತದಂತೆ ಪರಿಮಳವು ಹೃದಯಕ್ಕೆ ಬಲಕೊಡುವ ಔಷಧ. ಇಬ್ನ್ ಸೀನಾನು ಹೃದಯದ ಔಷಧಗಳನ್ನು ಕುರಿತೇ ಒಂದು ಗ್ರಂಥವನ್ನು ಬರೆದಿರುವನು. ಶೀತೋಷ್ಣ ಆರ್ದ್ರಶುಷ್ಕಗಳ ಕೂಟದಿಂದಾಗುವ ಮಿಜಾಜು ಒಬ್ಬೊಬ್ಬನಲ್ಲಿ ಒಂದೊಂದು ಬಗೆ. ಔಷಧವು ಅದಕ್ಕೆ ತಕ್ಕಂತಿರಬೇಕು. ಇಲ್ಲಿ ಮೊದಲ ಬಾರಿಗೆ ಗಂಧವು ಋತುವನ್ನಲ್ಲದೆ ಧರಿಸುವವನ ಪ್ರಕೃತಿಯನ್ನೂ ಕೇಳುವುದು. ಮಿಜಾಜೆಂಬ ಶಬ್ದವು ಬೀದರ ಸೀಮೆಯ ಕನ್ನಡದಲ್ಲಿ ಮನೋಧರ್ಮವೆಂಬರ್ಥಕ್ಕೆ ರೂಢವಾಗಿರುವುದು ಈ ವೈದ್ಯದ ಋಣ. ಆಯುರ್ವೇದದ ವಾತಪಿತ್ತಕಫಪ್ರಕೃತಿಗಳು ಇದಕ್ಕೆ ಹತ್ತಿರದ ಬಂಧುಗಳಾದುದರಿಂದ ಎರಡು ಶಾಸ್ತ್ರಗಳೂ ಒಂದನ್ನೊಂದು ಗುರುತಿಸಿಕೊಳ್ಳಲು ಕಷ್ಟವಾಗಲಿಲ್ಲ.

1470ರ ಸುಮಾರಿನಲ್ಲಿ ಬೀದರದಲ್ಲಿದ್ದ ರುಷ್ಯದ ವರ್ತಕ ಅಫನಾಸೀ ನಿಕಿತಿನ್ನನು ಸುಲ್ತಾನನ ಮೆರವಣಿಗೆಯ ವೈಭವವನ್ನು ವರ್ಣಿಸಿರುವುದು ಪ್ರಸಿದ್ಧ. ಅವನ ಪುಸ್ತಕದಲ್ಲಿ ಕಸ್ತೂರಿಯ ಪ್ರಸ್ತಾಪವೂ ಉಂಟು: ಸಾಕಿದ ಜಿಂಕೆಯ ಹೊಕ್ಕುಳನ್ನು ಕೊಯ್ದು ತೆಗೆದ ಕಸ್ತೂರಿಗಿಂತ ಕಾಡುಜಿಂಕೆಗಳು ಉದುರಿಸಿದ್ದು ಕಂಪುಗುಂದಿರುವುದೆಂದು ಅವನು ಕೇಳಿ ಬರೆದುಕೊಂಡನು. ವ್ಯಾಪಾರಿಯ ಮೂಗಿಗೆ ಮುಖ್ಯವಾದುದು ಸರಕಿನ ಹೊಸತನ. ಅದನ್ನು ಪೂಸಿಕೊಳ್ಳುವವನು ಯಾರೆಂಬುದಲ್ಲ.

ಅತ್ತರಿನ ರಸಿಕತೆಯೆಲ್ಲ ಸುಲ್ತಾನರೊಡನೆ ಹೊರಗಿನಿಂದ ಬಂದಿತೆಂದು ಒಂದು ಪಕ್ಷದವರೂ, ಎಲ್ಲವೂ ಕಲ್ಯಾಣದಲ್ಲಿ ಮೊದಲೇ ಇದ್ದಿತೆಂದು ಇನ್ನೊಂದು ಪಕ್ಷದವರೂ ಸಾಧಿಸಲೆಳಸುವರು. ಬೀದರದಂಥ ಪಟ್ಟಣದಲ್ಲಿ ಇದು ಬರಿಯ ಪಾಂಡಿತ್ಯದ ಜಗಳವಾಗಿ ನಿಲ್ಲದಿರುವುದರಿಂದ ಎಚ್ಚರಿಕೆಯು ಅವಶ್ಯ. ದ್ರವ್ಯಗಳು ಬಹುಮಟ್ಟಿಗೆ ಅವೇ: ಚಂದನ, ಅಗುರು, ಕಸ್ತೂರಿ, ಕರ್ಪೂರ, ಕೇಸರಿ. ಲೇಪ, ತೈಲ, ಧೂಪಗಳು ಕಲ್ಯಾಣದವು. ಗುಲಾಬಿಯ ನೀರೂ ಅಂಬರವೂ ಪಶ್ಚಿಮದ ಒಲವನ್ನು ತಂದವು. ಬಿಜಾಪುರದ ಎರಡನೆಯ ಇಬ್ರಾಹೀಮ ಆದಿಲಶಹನಿಗಾಗಿ ನಿಜಾಮುದ್ದೀನ ಮಹಮೂದನು ಫಾರಸಿಯಲ್ಲಿ ಬರೆದ ಇತ್ರ್-ಎ-ನೌರಸ್‌ಶಾಹೀ ಎಂಬ ಗ್ರಂಥದಲ್ಲಿ ಈ ಎರಡು ಪ್ರವಾಹಗಳೂ ಕೂಡಿವೆ. ಅದೇ ಇಬ್ರಾಹೀಮನು 1619ರಲ್ಲಿ ಬೀದರವನ್ನು ಗೆದ್ದುಕೊಂಡವನು. ಬೀದರದ ಶಿಲ್ಪಿಗಳು ಸತು ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂಡಿಸಿ ಮಾಡುವ ಬಿದರೀ ಪಾತ್ರೆಗಳಲ್ಲಿ ಪಾನದಾನಿ ಗುಲಾಬ್‌ದಾನಿಗಳೂ ಸೇರಿವೆ. ಅವಕ್ಕೆ ಕಾಡಿಗೆಗಪ್ಪನ್ನು ಕೊಡುವುದು ಬೀದರ ಕೋಟೆಯ ಹಳೆಯ ಮಣ್ಣು. ಗಂಧವು ಪೃಥ್ವೀಗುಣವೆಂದ ತಾರ್ಕಿಕನು ಈ ಪಾತ್ರೆಯನ್ನು ನೋಡಿದ್ದರೆ ಸಂತೋಷಪಡುತ್ತಿದ್ದನು.

ಕೊನೆಯದಾಗಿ ಅಷ್ಟೂರು. ಬೀದರದ ಪೂರ್ವಕ್ಕಿರುವ ಈ ಊರಿನಲ್ಲಿ ಅಹಮದಶಹನ ಗೋರಿಯಿದೆ. ಕ್ಷಾಮದಲ್ಲಿ ಅವನು ಪ್ರಾರ್ಥಿಸಿದಾಗ ಮಳೆ ಬಂದುದರಿಂದ ಜನರು ಅವನನ್ನು ವಲಿ, ಅಂದರೆ ಸಂತ, ಎಂದರು. ಇದೇ ಅಹಮದಶಹನು ವಿಜಯನಗರದ ಸೀಮೆಯ ಮೇಲೆ ದಂಡೆತ್ತಿಹೋದಾಗ, ಸತ್ತವರ ಲೆಕ್ಕವು ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ಮೂರು ದಿನ ನಿಂತು ಉತ್ಸವವನ್ನಾಚರಿಸಿದನೆಂದು ಫೆರಿಸ್ತನು ಬರೆದಿರುವನು. ಫೆರಿಸ್ತನು ಸುಮಾರು ಎರಡು ಶತಮಾನಗಳ ತರುವಾಯದವನು; ಅವನ ಅಂಕಿಗಳು ಉಬ್ಬಿದವು. ಅಂಕಿಯನ್ನು ಎಷ್ಟೇ ತಗ್ಗಿಸಿದರೂ ಕ್ರೌರ್ಯವು ಉಳಿಯುವುದು. ಹೀಗಿದ್ದರೂ ಹಿಂದೂಗಳು ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ಭಾವಿಸುವರು. ವರ್ಷಕ್ಕೊಮ್ಮೆ ಹೋಳಿಯ ತರುವಾಯ ನಡೆಯುವ ಉರುಸಿಗೆ ಮಾಡಿಯಾಳದ ಜಂಗಮರು ನಡೆದು ಬರುವರು. ಸೋಮೇಶ್ವರನ ಗ್ರಂಥವನ್ನನುಸರಿಸಿದರೆ ಗಂಧವು ಅರಸನಾದುದರಿಂದ ಅವನಿಗೆ ಸಲ್ಲುವುದು. ಶರಣರ ಮಾತನ್ನನುಸರಿಸಿದರೆ ಆಚಾರವನ್ನು ಕೇಳಬೇಕು. ದಂಡಯಾತ್ರೆಯ ಅಹಮದನಿಗೆ ಅದು ಸಲ್ಲದು. ಹಕೀಮನ ಮಾತಿಗೆ ಇಲ್ಲಿ ಎಡೆಯಿಲ್ಲ, ಗೋರಿಗೆ ಮಿಜಾಜಿಲ್ಲವಷ್ಟೆ. ಜನರು ಇವರಾರನ್ನೂ ಕೇಳಲಿಲ್ಲ. ಮಳೆ ತಂದವನೆಂಬ ನೆನಪೊಂದನ್ನೇ ಇಟ್ಟುಕೊಂಡು ಮಿಕ್ಕುದನ್ನು ಬಿಟ್ಟರು. ಪುಷ್ಪವನ್ನು ತೆಗೆದ ಮೇಲೆ ಎಳ್ಳಿನಲ್ಲಿ ಉಳಿಯುವಂಥದು ಅದು.

ದಖ್ಖನಿನ ಉರುಸುಗಳಲ್ಲಿ ಗೋರಿಗೆ ಗಂಧವನ್ನು ಲೇಪಿಸುವ ವಿಧಿಗೆ ಮುಸಲ್ಮಾನರು ಸಂದಲ್ ಎನ್ನುವರು, ಕನ್ನಡಿಗರು ಗಂಧವೆನ್ನುವರು. ಸಂದಲ್ ಎಂಬುದು ಅರಬ್ಬೀ ಫಾರಸಿಗಳಲ್ಲಿರುವ ಶಬ್ದ. ಅದರ ಮೂಲವು ಸಂಸ್ಕೃತದ ಚಂದನ. ದಕ್ಷಿಣದ ಬೆಟ್ಟಗಳಿಂದ ಹಡಗನ್ನೇರಿ ಹೋದ ಮಾತು, ಉಚ್ಚಾರಣೆಯನ್ನು ಬದಲಿಸಿಕೊಂಡು, ಅದೇ ಮರದ ತೇ‌ಯ್ದ ಲೇಪದೊಡನೆ ದಖ್ಖನಿಗೆ ಹಿಂದಿರುಗಿ ಬಂದಿದೆ.